ನೆಲನೆಲ್ಲಿ ಕಷಾಯ ಹೆಪಟೈಟಿಸ್ ಬಿ ವೈರಸ್ಸನ್ನು ತಡೆಯುತ್ತದಾ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ತಂಗಿಯ ಮಗನಿಗೆ 26 ವರ್ಷ. ರಕ್ತದಾನ ಶಿಬಿರಕ್ಕೆ ಹೋದಾಗ ಅವನಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ನೋಡಲು ಏನೂ ತೊಂದರೆ ಇಲ್ಲ. ಮಂಗಳೂರಿನ ಡಾಕ್ಟ್ರು ಇನ್ನಷ್ಟು ಪರೀಕ್ಷೆ ಮಾಡಿಸಿ ಟೆನೊಫೊವಿರ್ ಮಾತ್ರೆ ಬರೆದುಕೊಟ್ಟಿದ್ದಾರೆ. ವರ್ಷಗಟ್ಟಲೆ ತೆಗೆದುಕೊಳ್ಳಬೇಕಂತೆ. ತಂಗಿ ಒಪ್ಪುತ್ತಿಲ್ಲ. ನಮ್ಮ ಅಜ್ಜಿ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಎಷ್ಟೋ ಜನ ಗುಣವಾದದ್ದನ್ನು ನಾನೇ ನೋಡಿದ್ದೇನೆ. ಒಂದು ಮಂಡಲ ಅದನ್ನೇ ಕೊಟ್ಟು ಆಮೇಲೆ ಮಾತ್ರೆಯ ವಿಚಾರ ನೋಡೋಣ ಎನ್ನುತ್ತಾಳೆ. ನೆಲನೆಲ್ಲಿಯ ಸಾರ ಮನುಷ್ಯನ ಜೀವಕೋಶದಲ್ಲಿ ಈ ವೈರಸ್ ಬೆಳೆಯುವುದನ್ನು ತಡೆಯುತ್ತದೆ ಎಂದು ಪ್ರಯೋಗದಲ್ಲೇ ಕಂಡಿದೆ ಅಂತ ಓದಿದೆ. ಇದು ನಿಜವಾ? ನಿಜವಾದರೆ ಡಾಕ್ಟ್ರು ಅದನ್ನೇ ಯಾಕೆ ಕೊಡುವುದಿಲ್ಲ? ಎಲೆಯ ರಸ ಕೋಶದೊಳಗೆ ಹೋಗಿ ವೈರಸ್ಸನ್ನು ಮಾತ್ರ ಹಿಡಿಯುವುದು ಹೇಗೆ?

ಉತ್ತರ: ಅವಸರದ ಮಾತು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅಳಿಯ ಮಾತ್ರೆ ಶುರು ಮಾಡಿಯಾಗಿದ್ದರೆ ತಾನಾಗಿ ನಿಲ್ಲಿಸುವುದು ಬೇಡವೇ ಬೇಡ. ಹೆಪಟೈಟಿಸ್ ಬಿ ಮಾತ್ರೆಯನ್ನು ಹಠಾತ್ ಬಿಟ್ಟರೆ ತಗ್ಗಿದ್ದ ವೈರಸ್ ಒಮ್ಮೆಲೇ ಏರಬಹುದು. ಆಗ ಲಿವರ್ ಊದಿಕೊಂಡು ಕೆಲವರ ಜೀವಕ್ಕೇ ಬಂದದ್ದುಂಟು. ಇನ್ನೂ ಶುರು ಮಾಡಿಲ್ಲವಾದರೆ ಮಂಡಲ ಕಾಯುತ್ತಾ ಕೂರಬೇಡಿ. ತಂಗಿಯನ್ನೂ ಕರೆದುಕೊಂಡು ಅದೇ ಡಾಕ್ಟ್ರ ಹತ್ತಿರ ಹೋಗಿ, ಈಗಲೇ ಯಾಕೆ ಬೇಕು ಅಂತ ಬಾಯಿಬಿಟ್ಟು ಕೇಳಿ. ಈ ವೈರಸ್ ಇದ್ದವರಿಗೆಲ್ಲ ಕೂಡಲೇ ಮಾತ್ರೆ ಕೊಡುವ ಕ್ರಮ ಇಲ್ಲ. ರಕ್ತದಲ್ಲಿ ವೈರಸ್ಸಿನ ಡಿಎನ್‌ಎ ಎಷ್ಟಿದೆ, ಎಎಲ್‌ಟಿ (ಲಿವರ್ ಕೋಶ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವ) ಎಷ್ಟು ಏರಿದೆ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಿ ನಿರ್ಧರಿಸುತ್ತಾರೆ. ಬರೆದುಕೊಟ್ಟಿದ್ದಾರೆಂದರೆ ಆ ಪರೀಕ್ಷೆಗಳಲ್ಲಿ ಏನೋ ಕಂಡಿರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಓದಿದ್ದು ನಿಜ. ನೆಲನೆಲ್ಲಿಯ ಸಾರ ಕೋಶದಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ತಗ್ಗಿಸಿದ್ದು ಯಾರೋ ಕಟ್ಟಿದ ಕತೆ ಅಲ್ಲ. ಅದನ್ನು ಮಾಡಿದವರು ಒಳ್ಳೆಯ ವಿಜ್ಞಾನಿಗಳು. ಆದರೂ ಡಾಕ್ಟ್ರು ಅದನ್ನು ಬರೆದುಕೊಡುವುದಿಲ್ಲ. ಈ ಎರಡೂ ಒಟ್ಟಿಗೆ ಸರಿಯಾಗಿರುವುದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದಕ್ಕೆ ಹೋಗಬೇಕು.

ಮೊದಲು ಅಜ್ಜಿಯ ವಿಷಯ. ಕಣ್ಣು ಹಳದಿಯಾಗುವುದು, ಮೂತ್ರ ಹಳದಿಯಾಗುವುದು ಒಂದು ಲಕ್ಷಣ. ಅದರ ಹಿಂದೆ ಹಲವು ಕಾಯಿಲೆಗಳಿರುತ್ತವೆ. ನಮ್ಮ ಕಡೆ ಕಾಮಾಲೆ ಅಥವಾ ಮಂಜಪಿತ್ತ ಎಂದು ಮನೆಮದ್ದಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿಗೆ ಇದ್ದದ್ದು ಹೆಪಟೈಟಿಸ್ ಎ. ಅದು ಕೆಟ್ಟ ನೀರಿನಿಂದ, ಆಹಾರದಿಂದ ಬರುವ ವೈರಸ್. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಇಲ್ಲವೇ ಒಂದೆರಡು ತಿಂಗಳಲ್ಲಿ, ದೇಹವೇ ಅದನ್ನು ತೆಗೆದುಹಾಕುತ್ತದೆ. ಶಾಶ್ವತವಾಗಿ ಉಳಿದುಕೊಳ್ಳುವ ಗುಣ ಅದಕ್ಕಿಲ್ಲ. ಅಂಥವರಿಗೆ ಅಜ್ಜಿ ಹೇಳುತ್ತಿದ್ದ ಪಥ್ಯ, ವಿಶ್ರಾಂತಿ, ಮಜ್ಜಿಗೆ, ಗಂಜಿ, ಕಳ್ಳು ಸಾರಾಯಿ ಮುಟ್ಟಬಾರದು ಎಂಬ ಕಟ್ಟಪ್ಪಣೆ ಎಲ್ಲ ಒಳ್ಳೆಯದೇ. ನೀವು ಕಣ್ಣಾರೆ ನೋಡಿದ ಗುಣವೂ ನಿಜ. ಆದರೆ ನೆಲನೆಲ್ಲಿ ಕೊಡದಿದ್ದರೂ ಅವರಲ್ಲಿ ಹೆಚ್ಚಿನವರು ಗುಣವಾಗುತ್ತಿದ್ದರು. ನಿಮ್ಮ ಅಳಿಯನ ಕತೆ ಬೇರೆ. ಅವನ ಕಣ್ಣು ಹಳದಿಯಾಗಿಯೇ ಇಲ್ಲ. ವೈರಸ್ ಮಾತ್ರ ಸುಮ್ನೆ ಒಳಗೆ ಕೂತಿದೆ, ಬಹುಶಃ ಚಿಕ್ಕಂದಿನಿಂದ.

ಅದು ಕೂತಿರುವ ರೀತಿ ವಿಚಿತ್ರ. ಲಿವರ್ ಕೋಶದ ಮೈಮೇಲೆ ಎನ್‌ಟಿಸಿಪಿ ಎಂಬ ಪ್ರೋಟೀನ್ ಇದೆ. ಪಿತ್ತದ ಲವಣಗಳನ್ನು ರಕ್ತದಿಂದ ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ವೈರಸ್ ಅದಕ್ಕೇ ಅಂಟಿಕೊಂಡು ಒಳಗೆ ಬರುತ್ತದೆ. ಇದು ಗೊತ್ತಾದದ್ದು 2012ರಲ್ಲಿ, ವೈರಸ್ ಪತ್ತೆಯಾಗಿ ನಾಲ್ಕು ದಶಕಕ್ಕೂ ಜಾಸ್ತಿ ಆದ ಮೇಲೆ. ಒಳಗೆ ಬಂದ ವೈರಸ್ಸಿನ ಡಿಎನ್‌ಎ ಕೋಶದ ನ್ಯೂಕ್ಲಿಯಸ್ ಸೇರಿ ಮುಚ್ಚಿದ ಉಂಗುರವಾಗುತ್ತದೆ. ಸಿಸಿಸಿ ಡಿಎನ್‌ಎ ಎನ್ನುವುದು ಇದನ್ನೇ. ನಮ್ಮ ಕೋಶದ ಯಂತ್ರಗಳು ಅದನ್ನು ತಮ್ಮದೇ ಜೀನ್ ಎಂದುಕೊಂಡು ಓದಿ ಆರ್‌ಎನ್‌ಎ ಮಾಡುತ್ತವೆ. ಆ ಆರ್‌ಎನ್‌ಎಯಿಂದ ವೈರಸ್ಸಿನ ಪ್ರೋಟೀನುಗಳಾಗುತ್ತವೆ. ಒಂದು ಉದ್ದದ ಆರ್‌ಎನ್‌ಎ ಹೊಸ ಚಿಪ್ಪಿನೊಳಗೆ ಸೇರಿ, ಅಲ್ಲಿ ವೈರಸ್ಸಿನ ಸ್ವಂತ ಪಾಲಿಮರೇಸ್ ಎಂಬ ಕಿಣ್ವ ಅದನ್ನು ತಿರುಗಿ ಡಿಎನ್‌ಎ ಮಾಡುತ್ತದೆ. ಮೇಲಿಂದ ಮೈಪ್ರೋಟೀನಿನ ಹೊದಿಕೆ ಸುತ್ತಿಕೊಂಡು ಹೊಸ ವೈರಸ್ ಹೊರಗೆ ಹೋಗುತ್ತದೆ. ಆ ಮೈಪ್ರೋಟೀನ್ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ತಯಾರಾಗಿ ರಕ್ತಕ್ಕೆ ಸುರಿಯುತ್ತದೆ. ರಕ್ತನಿಧಿಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಅದೇ. ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂತ ಇರಬೇಕು, ನೋಡಿ.

ಟೆನೊಫೊವಿರ್ ಹಿಡಿಯುವುದು ಆ ಪಾಲಿಮರೇಸನ್ನು. ಡಿಎನ್‌ಎ ಕಟ್ಟುವಾಗ ಬೇಕಾಗುವ ಒಂದು ತುಂಡಿನ ಹಾಗೆಯೇ ಅದು ಕಾಣುತ್ತದೆ. ಪಾಲಿಮರೇಸ್ ಮೋಸಹೋಗಿ ಅದನ್ನು ಸೇರಿಸಿಕೊಂಡರೆ ಸರಪಳಿ ಅಲ್ಲಿಗೇ ನಿಂತಿತು. ನಮ್ಮ ಸ್ವಂತ ಡಿಎನ್‌ಎ ಕಟ್ಟುವ ಕಿಣ್ವಗಳು ಇದಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ. ಹೊಸ ವೈರಸ್ ಬರುವುದು ನಿಲ್ಲುತ್ತದೆ, ಲಿವರ್ ಸುಧಾರಿಸಿಕೊಳ್ಳುತ್ತದೆ. ಆದರೆ ನ್ಯೂಕ್ಲಿಯಸ್ಸಿನ ಉಂಗುರ ಹಾಗೇ ಉಳಿಯುತ್ತದೆ. ತೋಟದ ಗರಿಕೆಯನ್ನು ಮೇಲಿಂದ ಕೊಯ್ದ ಹಾಗೆ, ಕೊಯ್ಯುವುದನ್ನು ಬಿಟ್ಟರೆ ಬೇರಿನಿಂದ ಮತ್ತೆ ಚಿಗುರುತ್ತದೆ. ವರ್ಷಗಟ್ಟಲೆ ಮಾತ್ರೆ ಎಂದದ್ದು ಇದಕ್ಕೆ.

ಇನ್ನು ನೆಲನೆಲ್ಲಿ. ಇದರಲ್ಲಿ ಮದ್ರಾಸಿನ ಪಾತ್ರ ದೊಡ್ಡದು. ಹೆಪಟೈಟಿಸ್ ಬಿ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರ ತಂಡ ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತವರ ಸಂಗಡಿಗರ ಜೊತೆ ಸೇರಿ ಈ ಗಿಡವನ್ನು ಹಿಡಿದುಕೊಂಡಿತು. ವುಡ್‌ಚಕ್ ಎಂದು ಅಮೆರಿಕದಲ್ಲಿ ಬಿಲ ತೋಡಿ ಬದುಕುವ ಒಂದು ಪ್ರಾಣಿ ಇದೆ. ಅದಕ್ಕೂ ಇಂಥದ್ದೇ ವೈರಸ್ ಬರುತ್ತದೆ. ನೆಲನೆಲ್ಲಿಯ ಸಾರ ಆ ವೈರಸ್ಸಿನ ಪಾಲಿಮರೇಸನ್ನು ತಡೆಯುತ್ತದೆ ಎಂದು 1987ರಲ್ಲಿ ಬರೆದರು. ಮರುವರ್ಷ, 1988ರಲ್ಲಿ, ಮನುಷ್ಯರ ಮೇಲಿನ ಪ್ರಯೋಗ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಣಗಿಸಿದ ಗಿಡದ ಪುಡಿ, 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ನೆಲನೆಲ್ಲಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಮೈಪ್ರೋಟೀನ್ ಮಾಯವಾಗಿತ್ತು. ಸುಳ್ಳುಮದ್ದು, ಅಂದರೆ ಮದ್ದಿನ ಹಾಗೆ ಕಂಡರೂ ಒಳಗೆ ಮದ್ದಿಲ್ಲದ್ದು, ತೆಗೆದುಕೊಂಡ 23 ಮಂದಿಯಲ್ಲಿ ಮಾಯವಾದದ್ದು ಒಬ್ಬನಿಗೆ.

ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದವರಲ್ಲಿ ಮೈಪ್ರೋಟೀನ್ ತಾನಾಗಿ ಹೋಗುವುದು ವರ್ಷಕ್ಕೆ ಸುಮಾರು ನೂರರಲ್ಲಿ ಒಬ್ಬರಿಗೆ. ಇವತ್ತಿನ ಮಾತ್ರೆಗಳಿಂದಲೂ ಅದು ಅಪರೂಪವೇ. ಒಂದು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಹೋಗುವುದೆಂದರೆ ಪವಾಡವೇ. ಹಾಗಾಗಿ ಜಗತ್ತಿನಲ್ಲಿ ಹಲವರು ಅದನ್ನು ಮತ್ತೆ ಮಾಡಿ ನೋಡಿದರು. ಥಾಯ್ಲೆಂಡಿನಲ್ಲಿ ಆಗಲಿಲ್ಲ. ನ್ಯೂಜಿಲೆಂಡಿನಲ್ಲಿಯೂ ಆಗಲಿಲ್ಲ. 2011ರಲ್ಲಿ ಕೊಕ್ರೇನ್ ಸಂಸ್ಥೆಯವರು ಈ ಗಿಡದ ಕುಲದ ಮೇಲೆ ಆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿದರು. ಹೆಪಟೈಟಿಸ್ ಬಿಗೆ ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ.

ಕೆಲವರು ಗಿಡ ಬೇರೆ ಇತ್ತು, ಮಣ್ಣು ಬೇರೆ ಇತ್ತು, ಕೊಯ್ದ ಕಾಲ ಬೇರೆ ಇತ್ತು ಎನ್ನುತ್ತಾರೆ. ಇರಬಹುದು. ಆದರೆ ಊರು ಬದಲಾದರೆ ಕೆಲಸ ಮಾಡದ ಗಿಡ ಎಂದು ಒಪ್ಪಿಕೊಂಡರೆ, ನಿಮ್ಮ ತೋಟದ ಬದಿಯಲ್ಲಿ ಬೆಳೆದ ಗಿಡ ಯಾವ ಪೈಕಿ ಅಂತ ಹೇಳುವವರು ಯಾರು? ಅಂಗಡಿಯಿಂದ ತಂದದ್ದಾದರೆ ಇನ್ನೂ ಕಷ್ಟ. ದಕ್ಷಿಣ ಭಾರತದ ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಮಾದರಿಗಳನ್ನು ತಂದು ಬೆಂಗಳೂರಿನ ಸಂಶೋಧಕರು ಪರೀಕ್ಷಿಸಿದಾಗ ಅದರಲ್ಲಿ ಒಂದೇ ಕುಲದ ಹಲವು ಜಾತಿಯ ಗಿಡಗಳು ಸೇರಿಕೊಂಡಿದ್ದವು.

ಕೋಶದ ಮಟ್ಟದಲ್ಲಿ ಮಾತ್ರ ಕೆಲಸ ಮುಂದುವರಿಯಿತು. 1997ರಲ್ಲಿ ಬಂದ ಒಂದು ಲೇಖನ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಲಿವರ್ ಕೋಶಗಳಲ್ಲಿ ನೆಲನೆಲ್ಲಿಯ ಸಾರ ಹಾಕಿದಾಗ ವೈರಸ್ಸಿನ ಆರ್‌ಎನ್‌ಎ ಕಡಿಮೆಯಾಯಿತು. ವೈರಸ್ಸಿನ ಉಂಗುರದ ಮೇಲೆ 'ಇಲ್ಲಿಂದ ಜೋರಾಗಿ ಓದಿ' ಎನ್ನುವಂಥ ಒಂದು ಜಾಗ ಇದೆ, ಎನ್‌ಹ್ಯಾನ್ಸರ್ ಅನ್ನುತ್ತಾರೆ. ನಮ್ಮ ಕೋಶದ ಪ್ರೋಟೀನುಗಳು ಅಲ್ಲಿ ಬಂದು ಕೂತರೆ ಮಾತ್ರ ಓದು ಜೋರಾಗುತ್ತದೆ. ಆ ಕೂರುವಿಕೆಯನ್ನೇ ಸಾರ ಕೆಡಿಸಿತ್ತು. ಗಮನಿಸಿ, ಇಲ್ಲಿ ತಡೆದದ್ದು ನಮ್ಮದೇ ಪ್ರೋಟೀನಿನ ಕೆಲಸವನ್ನು. ಆ ಪ್ರೋಟೀನ್ ನಮ್ಮ ಲಿವರಿನ ಎಷ್ಟೋ ಜೀನುಗಳಿಗೂ ಬೇಕು.

ನೀವು ಕೇಳಿದ 'ವೈರಸ್ಸನ್ನು ಮಾತ್ರ ಹಿಡಿಯುವುದು ಹೇಗೆ' ಎಂಬ ಪ್ರಶ್ನೆಯೇ ಇಡೀ ವಿಷಯದ ನಡುಗಂಬ. ವೈರಸ್ಸಿಗೆ ಸ್ವಂತದ್ದು ಅಂತ ಇರುವುದು ಬಹಳ ಕಡಿಮೆ. ಹೆಪಟೈಟಿಸ್ ಬಿ ಮಾಡುವುದು ಬೆರಳೆಣಿಕೆಯ ಪ್ರೋಟೀನುಗಳನ್ನು. ಉಳಿದದ್ದೆಲ್ಲ ನಮ್ಮ ಕೋಶದ್ದು. ಹಾಗಾಗಿ ಗಿಡದ ಒಂದು ವಸ್ತು ಕೋಶದಲ್ಲಿ ವೈರಸ್ಸನ್ನು ತಗ್ಗಿಸಿತು ಎಂದರೆ ಅದು ವೈರಸ್ಸಿನ ಸ್ವಂತ ಉಪಕರಣವನ್ನು ಹಿಡಿದಿರಬಹುದು, ನಮ್ಮ ಉಪಕರಣವನ್ನು ಹಿಡಿದಿರಬಹುದು, ಇಲ್ಲವೇ ಕೋಶವೇ ಸುಸ್ತಾಗಿ ವೈರಸ್ ಮಾಡುವ ತ್ರಾಣ ಕಳೆದುಕೊಂಡಿರಬಹುದು. ಮೂರರಲ್ಲೂ ವೈರಸ್ಸಿನ ಎಣಿಕೆ ಇಳಿಯುತ್ತದೆ. ಪತ್ರಿಕೆಯಲ್ಲಿ ಬರುವುದು ಇಳಿದದ್ದು ಮಾತ್ರ.

ಮೊದಲನೆಯದಕ್ಕೆ ಚಂದದ ಉದಾಹರಣೆ ನಮ್ಮ ಕಡಲ ದಂಡೆಯ ಸುರಹೊನ್ನೆಯ ಬಳಗದಲ್ಲಿದೆ. 1987ರಲ್ಲಿ ಬೋರ್ನಿಯೋ ದ್ವೀಪದ ಸರವಾಕಿನಲ್ಲಿ ಅದರ ದಾಯಾದಿ ಮರವೊಂದರ ಎಲೆ, ರೆಂಬೆ ಸಂಗ್ರಹಿಸಿದರು. ಅದರಲ್ಲಿ ಸಿಕ್ಕ ಕ್ಯಾಲನೊಲೈಡ್ ಎ ಎಂಬ ವಸ್ತು ಎಚ್‌ಐವಿಯ ಪಾಲಿಮರೇಸನ್ನು ಗಟ್ಟಿಯಾಗಿ ಹಿಡಿಯಿತು. ಹಿಡಿತ ಎಷ್ಟು ಖಚಿತವೆಂದರೆ ಎಚ್‌ಐವಿ-1ರ ಮೇಲೆ ಕೆಲಸ ಮಾಡುತ್ತದೆ, ಅದರ ತಮ್ಮನಂಥ ಎಚ್‌ಐವಿ-2ರ ಮೇಲೆ ಮಾಡುವುದಿಲ್ಲ. ಇನ್ನಷ್ಟು ಎಲೆ ತರಲು ಹೋದರೆ ಆ ಮರವನ್ನೇ ಕಡಿದಿದ್ದರು. ಅಕ್ಕಪಕ್ಕದ ಅದೇ ಜಾತಿಯ ಮರಗಳಲ್ಲಿ ಆ ವಸ್ತು ಇತ್ತೋ ಇಲ್ಲವೋ ಎನ್ನುವಷ್ಟು. ಕೊನೆಗೆ ಸಿಂಗಾಪುರದ ಸಸ್ಯೋದ್ಯಾನದಲ್ಲಿ ಹಳೆಯ ಕಾಲದಲ್ಲಿ ನೆಟ್ಟ ಮರವೊಂದರಲ್ಲಿ ಸಿಕ್ಕಿತು. ನಮ್ಮ ಸುರಹೊನ್ನೆಯಲ್ಲಿ ಇರುವ ಇನೋಫಿಲಮ್ ಎಂಬ ವಸ್ತುಗಳಿಗೂ ಇದೇ ಗುಣ ಕಂಡಿದೆ. ಹಾಗೆಂದು ಯಾರೂ ಸುರಹೊನ್ನೆ ಕಷಾಯ ಕುಡಿದು ಎಚ್‌ಐವಿ ವಾಸಿಮಾಡಿಕೊಂಡಿಲ್ಲ. ಕ್ಯಾಲನೊಲೈಡ್ ಸ್ವತಃ ಮನುಷ್ಯರ ಮೇಲಿನ ಆರಂಭದ ಪ್ರಯೋಗಗಳವರೆಗೆ ಬಂದು ಅಲ್ಲೇ ನಿಂತಿದೆ, ಔಷಧಿ ಅಂಗಡಿಗೆ ಬಂದಿಲ್ಲ.

ಎರಡನೆಯದು, ನಮ್ಮ ಉಪಕರಣವನ್ನು ಹಿಡಿಯುವುದು, ನನಗೆ ಇನ್ನೂ ಕುತೂಹಲದ್ದು. ಆಸ್ಟ್ರೇಲಿಯಾದ ಒಂದು ಮರದ ಬೀಜದಲ್ಲಿ ಕ್ಯಾಸ್ಟನೋಸ್ಪರ್ಮಿನ್ ಎಂಬ ವಸ್ತು ಇದೆ. ಡೆಂಗ್ಯೂ ವೈರಸ್ಸಿನ ಮೈಪ್ರೋಟೀನಿಗೆ ಸಕ್ಕರೆಯ ಸಣ್ಣ ಗೊಂಚಲುಗಳು ಅಂಟಿರುತ್ತವೆ. ನಮ್ಮ ಕೋಶದ ಗ್ಲೂಕೋಸಿಡೇಸ್ ಎಂಬ ಕಿಣ್ವ ಆ ಗೊಂಚಲನ್ನು ಕತ್ತರಿಸಿ ಸರಿಮಾಡಿದರೆ ಮಾತ್ರ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುತ್ತದೆ. ಈ ವಸ್ತು ಆ ಕಿಣ್ವವನ್ನು ನಿಲ್ಲಿಸುತ್ತದೆ. ಮಡಚಿಕೆ ಕೆಟ್ಟ ಮೇಲೆ ಸರಿಯಾದ ವೈರಸ್ ಹೊರಗೆ ಬರುವುದಿಲ್ಲ. ಕೋಶದಲ್ಲಿ ಕೆಲಸ ಮಾಡಿತು, ಇಲಿಯಲ್ಲಿ ಕೆಲಸ ಮಾಡಿತು. ಅದರಿಂದ ಮಾಡಿದ ಸೆಲ್ಗೊಸಿವಿರ್ ಎಂಬ ಮದ್ದನ್ನು ಸಿಂಗಾಪುರದಲ್ಲಿ 50 ಮಂದಿ ಡೆಂಗ್ಯೂ ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಬಂತು. ತೊಂದರೆ ಏನೂ ಆಗಲಿಲ್ಲ. ಆದರೆ ಜ್ವರವಾಗಲಿ ರಕ್ತದ ವೈರಸ್ಸಾಗಲಿ ಹೇಳುವಂತೆ ಇಳಿಯಲೂ ಇಲ್ಲ.

ಇಂಥ ಮದ್ದಿನಲ್ಲಿ ಒಂದು ಲಾಭ ಇದೆ. ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳುವುದು ಕಷ್ಟ, ಯಾಕೆಂದರೆ ಹಿಡಿದದ್ದು ಅದರದ್ದಲ್ಲದ ವಸ್ತುವನ್ನು. ನಷ್ಟವೂ ಅದರಲ್ಲೇ ಇದೆ. ಸಿಲ್ವೆಸ್ಟ್ರಾಲ್ ಎಂಬ ಇನ್ನೊಂದು ಸಸ್ಯವಸ್ತು ನೋಡಿ. ಆರ್‌ಎನ್‌ಎಯ ಗಂಟು ಬಿಡಿಸಿ ಪ್ರೋಟೀನ್ ತಯಾರಿಗೆ ಸಿದ್ಧಮಾಡುವ ನಮ್ಮ ಒಂದು ಕಿಣ್ವವನ್ನು ಅದು ಹಿಡಿದಿಡುತ್ತದೆ. ಮನುಷ್ಯನ ಕೋಶಗಳಲ್ಲಿ ಎಬೋಲಾವನ್ನೂ ತಗ್ಗಿಸಿದೆ, ಬಹಳ ಸಣ್ಣ ಪ್ರಮಾಣದಲ್ಲೇ. ಆದರೆ ಇದೇ ವಸ್ತುವನ್ನು ಮೊದಲು ಪರೀಕ್ಷಿಸುತ್ತಿದ್ದದ್ದು ಕ್ಯಾನ್ಸರ್ ಕೋಶ ಕೊಲ್ಲುವುದಕ್ಕೆ. ವೈರಸ್ಸನ್ನು ನಿಲ್ಲಿಸುವುದೂ ಕೋಶವನ್ನು ನೋಯಿಸುವುದೂ ಒಂದೇ ಕೆಲಸದ ಎರಡು ಅಳತೆ ಆಗಿಬಿಡುತ್ತದೆ.

ಅದಕ್ಕೇ ನಮ್ಮ ಲ್ಯಾಬುಗಳಲ್ಲಿ ಯಾವಾಗಲೂ ಎರಡು ಸಂಖ್ಯೆ ಕೇಳುತ್ತೇವೆ. ವೈರಸ್ ಅರ್ಧಕ್ಕೆ ಇಳಿಯಲು ಎಷ್ಟು ಬೇಕು? ಕೋಶಗಳಲ್ಲಿ ಅರ್ಧ ಸಾಯಲು ಎಷ್ಟು ಬೇಕು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡುತ್ತೇವೆ. ಎರಡೋ ಮೂರೋ ಬಂದರೆ ಆ ವಸ್ತುವನ್ನು ಬದಿಗಿಡುತ್ತೇವೆ. ಹತ್ತು ದಾಟಿದರೆ ಮುಂದಕ್ಕೆ ನೋಡುವ ಮನಸ್ಸಾಗುತ್ತದೆ. ನೂರು, ಸಾವಿರ ಬಂದರೆ ಕಣ್ಣರಳುತ್ತದೆ. 'ಈ ಎಲೆ ವೈರಸ್ಸನ್ನು 90 ಶೇಕಡಾ ತಡೆಯಿತು' ಎಂಬ ಸುದ್ದಿಯಲ್ಲಿ ಎರಡನೆಯ ಸಂಖ್ಯೆ ಇಲ್ಲವಾದರೆ ನಾನು ಮುಂದೆ ಓದುವುದೇ ಇಲ್ಲ. ಸೋಪಿನ ನೀರು ಹಾಕಿದರೂ ವೈರಸ್ ಇಳಿಯುತ್ತದೆ, ಅಲ್ವಾ?

ನೆಲನೆಲ್ಲಿಯ ವಿಷಯದಲ್ಲಿ ಇನ್ನೊಂದು ತೊಡಕು ಟ್ಯಾನಿನ್. ಒಗರು ಕೊಡುವ ವಸ್ತು. ಜೆರಾನಿನ್, ಕೊರಿಲಾಜಿನ್ ಎಂಬ ಟ್ಯಾನಿನ್ನುಗಳು ಈ ಗಿಡದಲ್ಲಿ ತುಂಬಾ ಇವೆ. ಟ್ಯಾನಿನ್ ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಪ್ರಯೋಗದ ನಳಿಕೆಯಲ್ಲಿ ವೈರಸ್ಸಿನ ಪಾಲಿಮರೇಸ್ ಇಟ್ಟರೆ ಅದನ್ನೂ ಹಿಡಿಯುತ್ತದೆ, ಬೇರೆ ಯಾವ ಕಿಣ್ವ ಇಟ್ಟರೂ ಹಿಡಿಯುತ್ತದೆ. ಬಾಯಿಯಿಂದ ಕೊಟ್ಟರೆ ಮೊದಲು ಅಂಟಿಕೊಳ್ಳುವುದು ಮಜ್ಜಿಗೆಯ ಪ್ರೋಟೀನಿಗೆ. ಆಮೇಲೆ ಹೊಟ್ಟೆ, ಕರುಳಿನಲ್ಲಿ ಒಡೆದು ಬೇರೆಯೇ ವಸ್ತುವಾಗುತ್ತದೆ. ಲ್ಯಾಬಿನಲ್ಲಿ ನೋಡಿದ ವಸ್ತು ಲಿವರಿಗೆ ಆ ರೂಪದಲ್ಲಿ ತಲುಪುವುದೇ ಇಲ್ಲ.

ಸಂಶೋಧನೆಗೆ ಯಾವ ಕೋಶ ಬಳಸಿದರು ಎಂಬುದೂ ಮುಖ್ಯ. ಕೋವಿಡ್ ಬಂದ 2020ರಲ್ಲಿ ಕ್ಲೋರೋಕ್ವಿನ್ ವೈರಸ್ಸನ್ನು ನಿಲ್ಲಿಸುತ್ತದೆ ಎಂದು ಎಲ್ಲ ಕಡೆ ಸುದ್ದಿಯಾಯಿತು. ಸಿಂಕೋನ ಮರದ ಕ್ವಿನೈನ್ ನೋಡಿ ಮಾಡಿದ ಹಳೆಯ ಮಲೇರಿಯಾ ಮದ್ದು ಅದು. ಆ ಪ್ರಯೋಗ ಆದದ್ದು ವೀರೋ ಎಂಬ ಕೋಶಗಳಲ್ಲಿ. ಅವು ಆಫ್ರಿಕಾದ ಒಂದು ಮಂಗನ ಮೂತ್ರಪಿಂಡದವು. ಆ ಕೋಶದಲ್ಲಿ ವೈರಸ್ ಹುಳಿ ತುಂಬಿದ ಚೀಲದ ಮೂಲಕ ಒಳಗೆ ಬರುತ್ತದೆ, ಕ್ಲೋರೋಕ್ವಿನ್ ಆ ಹುಳಿಯನ್ನು ಕಡಿಮೆ ಮಾಡುತ್ತದೆ. ಮನುಷ್ಯನ ಶ್ವಾಸಕೋಶದ ಕೋಶದ ಮೇಲೆ ಬೇರೊಂದು ಕಿಣ್ವ ಇದೆ, ವೈರಸ್ ಅದರ ಸಹಾಯದಿಂದ ನೇರವಾಗಿ ಒಳಗೆ ಹೋಗುತ್ತದೆ. ಅಲ್ಲಿ ಕ್ಲೋರೋಕ್ವಿನ್ ಏನೂ ಮಾಡಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದರ ಸೋದರ ಮದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಆಸ್ಪತ್ರೆ ಸೇರಿದವರ ಜೀವ ಉಳಿಸಲಿಲ್ಲ ಎಂದು ಅದೇ ವರ್ಷ ಗೊತ್ತಾಯಿತು.

ಪ್ರಮಾಣದ ಲೆಕ್ಕ ಒಮ್ಮೆ ಮಾಡಿ ನೋಡೋಣ. ಸಂಖ್ಯೆಗಳು ಲೆಕ್ಕ ತೋರಿಸುವುದಕ್ಕೆ ಇಟ್ಟುಕೊಂಡವು, ಯಾವ ಗಿಡದ್ದೂ ಅಲ್ಲ. ಒಂದು ವಸ್ತು ಕೋಶದಲ್ಲಿ ಕೆಲಸ ಮಾಡಲು ಲೀಟರಿಗೆ 20 ಮಿಲಿಗ್ರಾಂ ಬೇಕು ಎನ್ನಿ. ನಮ್ಮ ಮೈಯಲ್ಲಿ ರಕ್ತದ ದ್ರವಭಾಗವೇ ಸುಮಾರು 3 ಲೀಟರ್. ಅಷ್ಟಕ್ಕೇ 60 ಮಿಲಿಗ್ರಾಂ ಬೇಕು. ನುಂಗಿದ್ದರಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ ಎಂದರೆ 6 ಗ್ರಾಂ ಶುದ್ಧ ವಸ್ತು ನುಂಗಬೇಕು. ಒಣ ಎಲೆಯಲ್ಲಿ ಅದು ಇರುವುದು ಅರ್ಧ ಶೇಕಡಾ ಎಂದರೆ 1.2 ಕಿಲೋ ಒಣಗಿದ ಎಲೆ. ಅದೂ ಒಂದು ಹೊತ್ತಿಗೆ. ಕೆಲವೇ ಗಂಟೆಯಲ್ಲಿ ಲಿವರ್ ಅದನ್ನು ಬದಲಾಯಿಸಿ ಹೊರಹಾಕುತ್ತದೆ, ಮತ್ತೆ ಅಷ್ಟೇ ಬೇಕು. ಅತಿಮಧುರದ ಗ್ಲಿಸಿರೈಜಿನ್ ಸಾರ್ಸ್ ವೈರಸ್ಸನ್ನು ತಡೆಯುತ್ತದೆ ಎಂದು 2003ರಲ್ಲಿ ಜರ್ಮನಿಯವರು ತೋರಿಸಿದರು. ಅದಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 300 ಮಿಲಿಗ್ರಾಂ. ಅತಿಮಧುರ ಜಾಸ್ತಿ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಅರಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೆ ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ರಕ್ತದಲ್ಲಿ ಅದರ ಮಟ್ಟ ಇಪ್ಪತ್ತು ಪಟ್ಟು ಏರಿದ್ದನ್ನು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ತಂಡ. ಇದನ್ನು ಕೇಳಿ ಮೆಣಸು ಬೆಳೆಯುವ ನಮಗೆಲ್ಲ ಖುಷಿಯಾಗುತ್ತದೆ. ಆದರೆ ಪೈಪರಿನ್ ಅದನ್ನು ಮಾಡುವುದು ಹೇಗೆ? ಹೊರಗಿನ ವಸ್ತುಗಳನ್ನು ಬದಲಿಸಿ ಹೊರಹಾಕುವ ನಮ್ಮ ಕರುಳು, ಲಿವರಿನ ಕಿಣ್ವಗಳನ್ನು ತಡೆದು. ಅದೇ ಹೊತ್ತಿಗೆ ಬೇರೆ ಮಾತ್ರೆ ತಿನ್ನುತ್ತಿದ್ದರೆ ಅದರ ಮಟ್ಟವೂ ಏರಬಹುದು. ಸಾರಿಗೆ ಹಾಕುವ ಮೆಣಸಿನಿಂದ ಭಯ ಇಲ್ಲ. ಕ್ಯಾಪ್ಸೂಲಿನಲ್ಲಿ ತುಂಬಿ ದಿನಾ ನುಂಗುವುದು ಬೇರೆ.

ಕಾಸರಗೋಡಿನವರಿಗೆ ಉತ್ತರ ಬರೆಯುವಾಗ ತೆಂಗಿನೆಣ್ಣೆಯನ್ನು ಬಿಟ್ಟು ಹೋಗುವಂತಿಲ್ಲ, ಮುಂದಿನ ಪತ್ರ ಅದರದ್ದೇ ಬರುತ್ತದೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರಿಂದ ಆಗುವ ಮೊನೊಲಾರಿನ್ ಕೊಬ್ಬಿನ ಹೊದಿಕೆ ಇರುವ ವೈರಸ್ಸುಗಳನ್ನು ನಳಿಕೆಯಲ್ಲಿ ಒಡೆಯುತ್ತದೆ. ಅದು ಕೋಶದ ಹೊರಗಿನ ಕೆಲಸ. ತಿಂದ ಎಣ್ಣೆ ಜೀರ್ಣವಾಗಿ ಶಕ್ತಿಗೆ ಖರ್ಚಾಗುತ್ತದೆ, ಲಿವರ್ ಕೋಶದೊಳಗಿನ ಉಂಗುರಕ್ಕೆ ಅದರ ಗಾಳಿಯೂ ತಾಗುವುದಿಲ್ಲ.

ಹಾಗಾದರೆ ಗಿಡಗಳಿಂದ ವೈರಸ್ಸಿಗೆ ಮದ್ದೇ ಬಂದಿಲ್ಲವಾ? ಬಂದಿದೆ, ಆದರೆ ಬಳಸುದಾರಿಯಲ್ಲಿ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ ಶಿಕಿಮಿಕ್ ಆಮ್ಲ ತೆಗೆದು, ಅದನ್ನು ಹಲವು ಹಂತಗಳಲ್ಲಿ ಬದಲಿಸಿ, ಒಸೆಲ್ಟಮಿವಿರ್ ಮಾಡುತ್ತಾರೆ. ಎಚ್1ಎನ್1 ಬಂದಾಗ ಕೊಟ್ಟ ಟಾಮಿಫ್ಲೂ ಅದೇ. ಮೂಲದ ಶಿಕಿಮಿಕ್ ಆಮ್ಲಕ್ಕೆ ಫ್ಲೂ ವೈರಸ್ಸನ್ನು ತಡೆಯುವ ಶಕ್ತಿ ಇಲ್ಲ. ಗಿಡ ಕೊಟ್ಟದ್ದು ಕಚ್ಚಾ ಅಸ್ಥಿಪಂಜರ, ಮದ್ದು ಮಾಡಿದ್ದು ರಸಾಯನಶಾಸ್ತ್ರಜ್ಞರು. ಹಸಿರು ಚಹಾದ ಸಾರದ ಮುಲಾಮನ್ನು ಗುಪ್ತಾಂಗದ ವೈರಸ್ ಗುಳ್ಳೆಗಳಿಗೆ ಹಚ್ಚಲು ಅಮೆರಿಕ 2006ರಲ್ಲಿ ಒಪ್ಪಿತು. ಅದು ನೇರ ಚರ್ಮಕ್ಕೆ ಹಚ್ಚುವುದು, ಹಾಗಾಗಿ ಮೇಲೆ ಹೇಳಿದ ಹೊಟ್ಟೆ, ಕರುಳು, ರಕ್ತದ ತಾಪತ್ರಯ ಅದಕ್ಕಿಲ್ಲ.

'ಕೊಟ್ಟರೆ ನಷ್ಟ ಏನು' ಎಂದು ತಂಗಿ ಕೇಳಬಹುದು. ಅಮೃತಬಳ್ಳಿಯನ್ನೂ ನಾವೆಲ್ಲ ಹಾಗೆಯೇ ಅಂದುಕೊಂಡಿದ್ದೆವು. ಕೋವಿಡ್ ಕಾಲದಲ್ಲಿ ಅದರ ಕಷಾಯ ದಿನಾ ಕುಡಿದ ಕೆಲವರ ಲಿವರ್ ಕೆಟ್ಟದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ನೆಲನೆಲ್ಲಿಯ ಪ್ರಯೋಗಗಳಲ್ಲಿ ಅಂಥ ದೊಡ್ಡ ಅಪಾಯ ಕಂಡಿಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ನನಗಿರುವ ಹೆದರಿಕೆ ಎಲೆಯದ್ದಲ್ಲ, ಮಂಡಲದ್ದು. ಒಂದು ಮಂಡಲ ಹೋಗಿ ಎರಡಾಗುತ್ತದೆ. ಹುಡುಗನಿಗೆ ನೋವಿಲ್ಲ, ಹಾಗಾಗಿ ಗುಣವಾಯಿತು ಎಂದೇ ಅನ್ನಿಸುತ್ತದೆ. ಈ ವೈರಸ್ ಸದ್ದಿಲ್ಲದೆ ಲಿವರನ್ನು ಗಟ್ಟಿಮಾಡುತ್ತಾ ಹೋಗಿ, ಸಿರೋಸಿಸ್ ಅಥವಾ ಕ್ಯಾನ್ಸರ್ ಆದ ಮೇಲೆ ಗೊತ್ತಾಗುವುದೂ ಉಂಟು.

ಆಗಾಗ ಊಟಕ್ಕೆ ನೆಲನೆಲ್ಲಿ ತಂಬುಳಿ ಮಾಡಿದರೆ ಬೇಡ ಎನ್ನುವುದಿಲ್ಲ. ಸಾರ, ಪುಡಿ, ಕ್ಯಾಪ್ಸೂಲು ದಿನಾ ಕೊಡುವುದಾದರೆ ಡಾಕ್ಟ್ರಿಗೆ ಹೇಳಿ ಕೊಡಿ. ಮುಚ್ಚಿಟ್ಟರೆ ನಾಳೆ ಎಎಲ್‌ಟಿ ಏರಿದಾಗ ಅದು ವೈರಸ್ಸಿನಿಂದಲೋ ಕಷಾಯದಿಂದಲೋ ಎಂದು ಅವರಿಗೆ ಗೊತ್ತಾಗುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ಇನ್ನೊಂದು ವಿಷಯ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಪ್ರತಿ ಸಲ ಗಡಿ ದಾಟಿ ಮಂಗಳೂರಿಗೆ ಓಡುವುದು ತಪ್ಪಬಹುದು.

ಪತ್ರದಲ್ಲಿ ನೀವು ಕೇಳದೆ ಇರುವ, ಆದರೆ ಮಾಡಲೇಬೇಕಾದ ಒಂದು ಕೆಲಸ ಇದೆ. ದೊಡ್ಡವರಾದ ಮೇಲೆ ಈ ವೈರಸ್ ತಗಲಿದರೆ ನೂರರಲ್ಲಿ 95 ಮಂದಿಯ ದೇಹ ತಾನೇ ತೆಗೆದುಹಾಕುತ್ತದೆ. ಹುಟ್ಟುವಾಗ ತಾಯಿಯಿಂದ ಬಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ನಿಮ್ಮ ಅಳಿಯ ಹುಟ್ಟಿದ ಕಾಲಕ್ಕೆ ಇದರ ಲಸಿಕೆ ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ, ದೇಶದ ಎಲ್ಲ ಕಡೆ ಬಂದದ್ದು 2011ರ ಹೊತ್ತಿಗೆ. ಆದ್ದರಿಂದ ತಂಗಿಯ ರಕ್ತವನ್ನೂ, ಅವಳ ಉಳಿದ ಮಕ್ಕಳ ರಕ್ತವನ್ನೂ ಈ ವಾರವೇ ಪರೀಕ್ಷೆ ಮಾಡಿಸಿ. ಯಾರ ತಪ್ಪೂ ಅಲ್ಲ ಇದು, ಮೊದಲೇ ಹೇಳಿ ಕರೆದುಕೊಂಡು ಹೋಗಿ. ವೈರಸ್ ಇಲ್ಲದವರು, ಮೊದಲೇ ರಕ್ಷಣೆ ಬಂದಿರದಿದ್ದರೆ, ಲಸಿಕೆ ಹಾಕಿಸಿಕೊಳ್ಳಲಿ. ಮೂರು ಡೋಸ್. ಮೊದಲನೆಯದು ಇವತ್ತಾದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಹುಡುಗನಿಗೆ ಮದುವೆ ಮಾತುಕತೆ ನಡೆಯುತ್ತಿದ್ದರೆ ಆ ಹುಡುಗಿಗೂ ಮದುವೆಗೆ ಮೊದಲೇ ವಿಷಯ ಹೇಳಿ, ಅವಳಿಗೂ ಲಸಿಕೆ ಆಗಲಿ.